ಅಕ್ಕ ಈಗ ‘ಎಲ್ಲಾ ಚೆನ್ನಾಗಿದೆ’ ಅಷ್ಟೇ ಅಂತಾಳೆ

ಪ್ರಶ್ನೆ: ನಾನು ಸೈಕಾಲಜಿಯಲ್ಲಿ ಎಂ.ಎಸ್ಸಿ. ಮಾಡಿ ಆರು ವರ್ಷದಿಂದ ಕೌನ್ಸೆಲರ್ ಆಗಿದ್ದೇನೆ. ಸಂಕ್ರಾಂತಿಗೆ ಊರಿಗೆ ಹೋದಾಗ ಅಕ್ಕ ಅವರೆಕಾಳು ಹಿತುಕುತ್ತಾ ಅತ್ತೆ ಮೇಲಿನ ಬೇಸರ ಹೇಳಿಕೊಂಡಳು. ‘ನಿನಗೆ ಬೌಂಡರಿ ಹಾಕೋಕೆ ಬರಲ್ಲ, ಇದು ಪೀಪಲ್ ಪ್ಲೀಸಿಂಗ್’ ಎಂದೆ. ಅಂದರೆ, ‘ಇಲ್ಲಿಗೆ ಸಾಕು’ ಅನ್ನೋಕೆ ಬರಲ್ಲ, ಎಲ್ಲರನ್ನೂ ಮೆಚ್ಚಿಸೋಕೆ ಹೋಗ್ತಾಳೆ ಅಂತ. ‘ನಿನ್ನ ಹತ್ರ ಕೂತರೆ ನಾನು ಪೇಷಂಟ್ ಆಗ್ಬಿಡ್ತೀನಿ’ ಅಂತ ಎದ್ದು ಹೋದಳು. ಈಗ ಫೋನ್ ಮಾಡಿದರೆ ‘ಎಲ್ಲಾ ಚೆನ್ನಾಗಿದೆ’ ಅಷ್ಟೇ. ನಾನು ಹೇಳಿದ್ದು ತಪ್ಪಲ್ಲವಲ್ಲ?
– ಹೆಸರು ಬೇಡ, ತುಮಕೂರು

ಉತ್ತರ: ತಪ್ಪಿಲ್ಲದೇ ಇರಬಹುದು. ಆದರೆ ಅವರ ಮಾತು ಮುಗಿಯುವ ಮೊದಲೇ ನಿಮ್ಮ ಹತ್ತಿರ ಉತ್ತರ ರೆಡಿ ಇತ್ತು, ಅಲ್ವಾ?

1990ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಎಲಿಜಬೆತ್ ನ್ಯೂಟನ್ ತಮ್ಮ ಪಿಎಚ್.ಡಿ.ಗಾಗಿ ಮಾಡಿದ ಪ್ರಯೋಗ ನೀವು ಓದಿಯೇ ಇರುತ್ತೀರಿ. ಒಬ್ಬರು ಎಲ್ಲರಿಗೂ ಗೊತ್ತಿರುವ ಹಾಡಿನ ಲಯವನ್ನು ಟೇಬಲ್ ಮೇಲೆ ಬೆರಳಲ್ಲಿ ಕುಟ್ಟಬೇಕು, ಎದುರಿನವರು ಅದು ಯಾವ ಹಾಡು ಅಂತ ಹೇಳಬೇಕು. ಅರ್ಧದಷ್ಟನ್ನಾದರೂ ಗುರುತಿಸುತ್ತಾರೆ ಅಂತ ಕುಟ್ಟುವವರ ಲೆಕ್ಕ. ಗುರುತು ಸಿಕ್ಕಿದ್ದು 120ರಲ್ಲಿ ಬರೀ 3. ಕುಟ್ಟುವವರ ತಲೆಯೊಳಗೆ ಇಡೀ ಹಾಡು ಓಡುತ್ತಿರುತ್ತೆ, ಕೇಳುವವರಿಗೆ ಸಿಗೋದು ಟಕ್ ಟಕ್ ಅನ್ನೋ ಸದ್ದು. ನೀವು ‘ಬೌಂಡರಿ’ ಅಂದಾಗ ನಿಮ್ಮೊಳಗೆ ಎರಡು ವರ್ಷದ ಪಾಠ, ಆರು ವರ್ಷದ ಕೇಸುಗಳು ಎಲ್ಲಾ ಓಡಿದವು. ಅಕ್ಕನಿಗೆ ಕೇಳಿಸಿದ್ದು ‘ನಿನಗೆ ಬರಲ್ಲ’ ಅನ್ನೋ ಎರಡು ಪದ.

ಮನೆಯವರಿಗೆ ಕೌನ್ಸೆಲಿಂಗ್ ಮಾಡಬಾರದು ಅಂತ ನಿಮ್ಮ ಕೆಲಸದಲ್ಲೇ ನಿಯಮ ಇದೆಯಲ್ಲ. ಕ್ಲಿನಿಕ್ಕಲ್ಲಿ ಪಾಲಿಸ್ತೀರಿ, ಅಡುಗೆಮನೆಯಲ್ಲಿ ಮರೀತೀರಿ. (ನಾನೇನು ಕಮ್ಮಿ ಇಲ್ಲ. ನನ್ನ ಮಗಳು ಏನಾದರೂ ಹೇಳುವ ಮೊದಲೇ ‘ಅಮ್ಮಾ, ಅಂಕಣ ಬೇಡ’ ಅಂತ ಷರತ್ತು ಹಾಕ್ತಾಳೆ.) ಅದೇ ಮಾತನ್ನು ಯಾರೋ ಕ್ಲೈಂಟ್ ಬಂದು ಹೇಳಿದ್ದರೆ ಮುಕ್ಕಾಲು ಗಂಟೆ ಸುಮ್ನೆ ಕೂತು ಕೇಳುತ್ತಿದ್ದಿರಿ. ಅಕ್ಕನಿಗೆ ಎರಡು ನಿಮಿಷ ಸಿಗಲಿಲ್ಲ ನೋಡಿ.

ಫೋನ್ ಮಾಡಿ. ‘ನಾನು ಅವತ್ತು ನಿನ್ನ ಫೀಲಿಂಗ್ಸ್ ವ್ಯಾಲಿಡೇಟ್ ಮಾಡಲಿಲ್ಲ’ ಅಂತ ಮಾತ್ರ ಶುರು ಮಾಡಬೇಡಿ, ಪುಣ್ಯ ಬರುತ್ತೆ. ‘ಅವತ್ತು ನಿನ್ನ ಮಾತು ಅರ್ಧಕ್ಕೇ ತುಂಡು ಮಾಡ್ಬಿಟ್ಟೆ ಕಣಕ್ಕಾ, ಆಮೇಲೆ ಅತ್ತೆ ಏನಂದ್ರು?’ ಅಂತ ಕೇಳಿ. ಮೊದಲ ಸಲ ‘ಏನಿಲ್ಲ ಬಿಡು’ ಅಂತಾರೆ. ಎರಡನೇ ಸಲವೂ ಅನ್ನಬಹುದು. ಹೊಡೆತ ಬಡಿತದ ಸುಳಿವು ಸಿಕ್ಕರೆ ಸುಮ್ನಿರಬೇಡಿ, ಅದು ಬೇರೆ ವಿಷಯ. ಉಳಿದಂತೆ, ಸಲಹೆ ನಾಲಿಗೆ ತುದಿಗೆ ಬಂದಾಗ ನುಂಗಿಕೊಳ್ಳಿ. ಮುಂದಿನ ಸಲ ಊರಿಗೆ ಹೋದಾಗ ಕಾಳಿನ ಬೋಗುಣಿ ನಡುವೆ ಇಟ್ಟುಕೊಂಡು ನೀವೂ ಹಿತುಕೋಕೆ ಕೂತ್ಕೊಳ್ಳಿ. ಅವರೆ ಸೀಸನ್ ಮುಗಿದಿದ್ದರೆ ಸೊಪ್ಪು ಬಿಡಿಸಿ, ಏನೋ ಒಂದು.