80 ಯೂರೋದಲ್ಲಿ ಒಂದು ತಿಂಗಳ ಊಟ

ತಮ್ಮಾ, ನಿನ್ನ ಪ್ರಶ್ನೆ ಓದಿದ ಕೂಡಲೇ ಬರೆಯಲು ಕೂತೆ. ಜರ್ಮನಿಯ ಡಾರ್ಟ್‌ಮುಂಡ್‌ಗೆ ಬಂದು ಹತ್ತು ದಿನ, ರೂಮಿನ ಅಡ್ವಾನ್ಸ್ ಕೊಟ್ಟಾಗಿದೆ, ಬ್ಲಾಕ್ಡ್ ಅಕೌಂಟಿನ (ವೀಸಾಕ್ಕಾಗಿ ಮೊದಲೇ ದುಡ್ಡು ಕಟ್ಟಿಸಿಕೊಂಡು ತಿಂಗಳು ತಿಂಗಳು ಕಂತಾಗಿ ಬಿಡುವ ಖಾತೆ) ದುಡ್ಡು ಇನ್ನೂ ಕೈಗೆ ಬಂದಿಲ್ಲ, ಊಟಕ್ಕೆ ಉಳಿದಿರುವುದು 80 ಯೂರೋ, ಅದರಲ್ಲಿ ಒಂದು ತಿಂಗಳು ತಳ್ಳಬಹುದಾ ಅಂತ ಕೇಳಿದ್ದೀಯ. ತಳ್ಳಬಹುದು. ಆದರೆ ಬ್ರೆಡ್ಡು ಜಾಮು ತಿಂದುಕೊಂಡು ಅಲ್ಲ.

ನಾನೂ ಹೀಗೇ ಸಿಕ್ಕಿಕೊಂಡಿದ್ದೆ. ವಿಳಾಸ ನೋಂದಣಿಯ ಕಾಗದ ಇಲ್ಲದೆ ಖಾತೆ ತೆರೆಯುವುದಿಲ್ಲ ಅಂದರು ಬ್ಯಾಂಕಿನವರು, ಖಾತೆ ಇಲ್ಲದೆ ತಿಂಗಳ ಕಂತು ಬರುವುದಿಲ್ಲ. ಮೊದಲ ಎರಡು ವಾರ ಬೆಳಿಗ್ಗೆ ಬ್ರೆಡ್ಡು, ರಾತ್ರಿ ನೂಡಲ್ಸ್. ಕ್ಲಾಸಿನಲ್ಲಿ ತಲೆ ಸುತ್ತುತ್ತಿತ್ತು. ಅಮ್ಮ ಫೋನಿನಲ್ಲಿ "ಊಟ ಆಯ್ತಾ" ಅಂದರೆ "ಆಯ್ತು" ಅನ್ನುತ್ತಿದ್ದೆ. ನೀನು ಹಾಗೆ ಮಾಡಬೇಡ.

ನಿನ್ನೂರಿನ ಉತ್ತರ ಭಾಗ ನಾರ್ಡ್‌ಸ್ಟಾಟ್ ಕಡೆ ಹೋದರೆ ಟರ್ಕಿಯವರ ಅಂಗಡಿಗಳು ಸಾಲಾಗಿವೆ. ಮಸೂರ್ ಬೇಳೆ, ಕಾಬೂಲಿ ಕಡಲೆ, ಬುಲ್ಗುರ್ (ಬೇಯಿಸಿ ಒಣಗಿಸಿದ ಗೋಧಿ ನುಚ್ಚು) ದೊಡ್ಡ ಪ್ಯಾಕೆಟ್ಟಿನಲ್ಲಿ ಅಲ್ಲೇ ತಗೋ. ಜೀರಿಗೆ, ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ ಕೂಡ ಸಿಗುತ್ತವೆ. ಇಂಡಿಯನ್ ಅಂಗಡಿಗೆ ಈ ತಿಂಗಳು ಕಾಲಿಡಬೇಡ, ಸೋನಾ ಮಸೂರಿ, ತೊಗರಿಬೇಳೆ ಕಂಡರೆ ಕೈ ತಡೆಯುವುದಿಲ್ಲ, ಒಂದೇ ಸಲಕ್ಕೆ ವಾರದ ದುಡ್ಡು ಹೋಗುತ್ತದೆ.

ಮಸೂರ್ ಬೇಳೆಗೆ ಕುಕ್ಕರ್ ಬೇಡ. ತೊಳೆದು ಮೂರು ಪಾಲು ನೀರಿಗೆ ಹಾಕು, ಉಕ್ಕಿ ಬರುವ ನೊರೆ ತೆಗಿ, ಕಾಲು ಗಂಟೆಯಲ್ಲಿ ಕೆಂಪು ಹೋಗಿ ಹಳದಿಯಾಗಿ ಕರಗುತ್ತದೆ. ಒಂದು ಟೊಮೆಟೊ, ಮನೆಯಿಂದ ಕಟ್ಟಿಕೊಟ್ಟ ಸಾರಿನ ಪುಡಿ ಒಂದು ಚಮಚ, ಮೇಲೆ ಜೀರಿಗೆ ಬೆಳ್ಳುಳ್ಳಿ ಒಗ್ಗರಣೆ. ಇಲ್ಲಿನ ಸೂಪರ್ ಮಾರ್ಕೆಟ್ಟಿನ ಹಳದಿ ಸಾಸಿವೆ ನಮ್ಮೂರ ಸಾಸಿವೆಯ ಹಾಗೆ ಚಟಪಟ ಅನ್ನುವುದಿಲ್ಲ, ಜೀರಿಗೆಯೇ ಸಾಕು. ಈ ಬೇಳೆ ಸಾರು ಮೊದಲ ಸಲ ಮಾಡಿದ ರಾತ್ರಿ ನಾನು ಪಾತ್ರೆ ಮುಂದೆ ನಿಂತುಕೊಂಡೇ ಎರಡು ಬಟ್ಟಲು ಕುಡಿದೆ. ಆಮೇಲೆ ಅಮ್ಮನಿಗೆ ಫೋನ್ ಮಾಡಿ ಎಲ್ಲಾ ಹೇಳಿಕೊಂಡೆ.

ಅಗ್ಗದ ಸೂಪರ್ ಮಾರ್ಕೆಟ್ಟುಗಳಾದ ಆಲ್ಡಿ, ಲಿಡ್ಲ್‌ನಲ್ಲಿ ಮಿಲ್ಶ್‌ರೈಸ್ ಅಂತ ಗುಂಡಗಿನ ಅಕ್ಕಿ ಇರುತ್ತದೆ. ಚಿತ್ರಾನ್ನಕ್ಕೆ ಬರುವುದಿಲ್ಲ, ಮುದ್ದೆಯಾಗುತ್ತದೆ, ಆದರೆ ಮೊಸರನ್ನಕ್ಕೆ ಅದರಷ್ಟು ಒಳ್ಳೆಯ ಅಕ್ಕಿ ಇಲ್ಲಿ ನಾನು ಕಂಡಿಲ್ಲ. ರವೆ ತಗೊಳ್ಳುವಾಗ ಹಾರ್ಟ್‌ವೈಟ್ಸೆನ್ (ಗಟ್ಟಿ ಗೋಧಿ) ಅಂತ ಬರೆದದ್ದು ನೋಡು, ವೈಶ್‌ವೈಟ್ಸೆನ್ (ಮೆದು ಗೋಧಿ) ರವೆಯಲ್ಲಿ ಉಪ್ಪಿಟ್ಟು ಅಂಟಾಗುತ್ತದೆ. ನಿಜ ಹೇಳಬೇಕೆಂದರೆ ಬುಲ್ಗುರ್ ಉಪ್ಪಿಟ್ಟೇ ಚೆನ್ನಾಗಿರುತ್ತದೆ, ಗೋಧಿ ನುಚ್ಚಿನ ರುಚಿ. ತರಕಾರಿಗೆ ಎಲೆಕೋಸು, ಕ್ಯಾರೆಟ್, ಆಲೂಗಡ್ಡೆ, ಈರುಳ್ಳಿ. ಒಂದು ಎಲೆಕೋಸು ವಾರ ಪೂರ್ತಿ ಬರುತ್ತದೆ.

80ರಲ್ಲಿ 8 ಯೂರೋ ಎಣ್ಣೆ, ಉಪ್ಪು, ಅರಿಶಿನಕ್ಕೆ ಮೊದಲೇ ತೆಗೆದಿಡು, ಉಳಿದದ್ದು ವಾರಕ್ಕೆ 18. ಕಾರ್ಡ್ ಮನೆಯಲ್ಲಿ ಬಿಟ್ಟು ಆ ವಾರದ ನೋಟು ಮಾತ್ರ ಜೇಬಿನಲ್ಲಿಟ್ಟುಕೊಂಡು ಹೋಗು. ನೀರು ದುಡ್ಡು ಕೊಟ್ಟು ತರಬೇಡ, ನಲ್ಲಿ ನೀರು ಧಾರಾಳವಾಗಿ ಕುಡಿಯಬಹುದು. ಡಿಸ್ಕೌಂಟ್ ಅಂಗಡಿಗಳು ಭಾನುವಾರ ಮುಚ್ಚಿರುತ್ತವೆ, ಅದಕ್ಕೇ ಶನಿವಾರ ಸಂಜೆ ಒಂದು ಸುತ್ತು ಹಾಕು, ಬೆಲೆ ಇಳಿಸಿದ ಚೀಟಿ ಅಂಟಿಸಿದ ಮೊಸರು, ಬ್ರೆಡ್ಡು ಸಿಗಬಹುದು. ರೂಮಿನಲ್ಲಿ ಖಾಲಿ ಕೋಲಾ ಬಾಟಲಿ ಬಿದ್ದಿದ್ದರೆ ಎಸೆಯಬೇಡ, ಪ್ಫಾಂಡ್ (ಬಾಟಲಿಯ ಠೇವಣಿ) ಗುರುತಿದ್ದ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ವಾಪಸ್ ಬರುತ್ತದೆ. ನಾಲ್ಕು ಬಾಟಲಿ ಅಂದರೆ ಒಂದು ಯೂರೋ, ಅಲ್ವಾ?

ವಾರಕ್ಕೊಮ್ಮೆಯಾದರೂ ಯೂನಿವರ್ಸಿಟಿಯ ಕ್ಯಾಂಟೀನು ಮೆನ್ಸಾದಲ್ಲಿ ಬಿಸಿ ಊಟ ಮಾಡು. ಸ್ಟೂಡೆಂಟ್ ಕಾರ್ಡ್ ತೋರಿಸಿದರೆ ನಿನಗೆ ಕಡಿಮೆ ದರ. ಅದನ್ನು ಖರ್ಚು ಅಂದುಕೊಳ್ಳಬೇಡ, ನಾಲ್ಕು ಜನರ ಜೊತೆ ಕೂತು ಉಣ್ಣುವುದೂ ಬೇಕು.

ಇಷ್ಟಾದರೂ ದುಡ್ಡು ಮುಗಿದರೆ ಸಂಕೋಚ ಬಿಟ್ಟು ವಿದ್ಯಾರ್ಥಿಗಳ ಸಹಾಯ ಸಂಸ್ಥೆಯಾದ ಸ್ಟುಡೀರೆಂಡೆನ್‌ವೆರ್ಕ್‌ನ ಸಲಹೆ ವಿಭಾಗಕ್ಕೆ ಹೋಗು, ಹೊರದೇಶದ ವಿದ್ಯಾರ್ಥಿಗಳ ಕಷ್ಟ ಅವರಿಗೆ ಹೊಸದಲ್ಲ. ಅದಕ್ಕೂ ಮೊದಲು ನನಗೊಂದು ಮೆಸೇಜ್ ಹಾಕು. ನಾನಿರುವುದು ಎಸೆನ್‌ನಲ್ಲಿ, ರೈಲಿನಲ್ಲಿ ಅರ್ಧ ಗಂಟೆಯೂ ಇಲ್ಲ, ನಿನ್ನ ಸೆಮಿಸ್ಟರ್ ಟಿಕೆಟ್ ಇಲ್ಲಿಗೂ ನಡೆಯುತ್ತದೆ. ಈ ಭಾನುವಾರ ಹುಳಿ ಮಾಡುತ್ತೇನೆ, ತೊಗರಿಬೇಳೆಯದ್ದೇ. ಬರುವಾಗ ಒಂದು ಖಾಲಿ ಡಬ್ಬಿ ತಗೊಂಡು ಬಾ.