ಗೋಡೆಗಿರುವ ಬಾಯಿ ನಮಗೆ ಯಾಕಿಲ್ಲ?

(ಹೆಸರು, ಊರು ಹಾಕಬೇಡಿ ಎಂದ ಓದುಗರೊಬ್ಬರ ಪತ್ರದ ಸಾರ ಇದು. ವಯಸ್ಸು 44. ಹಾರ್ಡ್‌ವೇರ್ ಅಂಗಡಿ ಇದೆ. ಆರು ವರ್ಷದಿಂದ ಶುಗರ್. ಎರಡು ವರ್ಷದಿಂದ ಹೆಂಡತಿಯ ಜೊತೆ ಸೇರಲು ಆಗುತ್ತಿಲ್ಲ. ಅಂಗಡಿ ಲೆಕ್ಕ ಬರೆಯುವ ನೆಪ ಹೇಳಿ ಹಾಲ್‌ನಲ್ಲೇ ಮಲಗುತ್ತಾರೆ. ಬಸ್ ಸ್ಟ್ಯಾಂಡ್ ಗೋಡೆಯ ಜಾಹೀರಾತು ನೋಡಿ, ಲಾಡ್ಜ್ ಒಂದರಲ್ಲಿ ತಿಂಗಳಿಗೊಮ್ಮೆ ಕೂರುವ 'ವೈದ್ಯ'ರಿಗೆ 18,000 ರೂಪಾಯಿ ಕೊಟ್ಟು ಪುಡಿ ತಂದಿದ್ದಾರೆ. ನಾಲ್ಕು ಸಲ ಕೆಲಸ ಮಾಡಿತಂತೆ. ಜೊತೆಗೆ ತಲೆನೋವು, ಮುಖ ಬಿಸಿ, ಎದೆ ಡವಡವ. ಕೊನೆಗೆ ನಮಗೇ ಒಂದು ಪೆಟ್ಟು: "ನಿಮ್ಮ ಪತ್ರಿಕೆಯಲ್ಲಿ ಹೆಂಗಸರ ಆರೋಗ್ಯಕ್ಕೆ ತಿಂಗಳು ತಿಂಗಳು ಎರಡು ಪುಟ ಇದೆ. ಗಂಡಸರ ಜೊತೆ ಮಾತಾಡೋದು ಗೋಡೆ ಮಾತ್ರ.")

ನಮಸ್ಕಾರ.

ಮೊದಲು ಅರ್ಜೆಂಟ್ ಮಾತು ಮುಗಿಸಿಬಿಡುತ್ತೇನೆ. ಆ ಪುಡಿಯನ್ನು ಇವತ್ತೇ ನಿಲ್ಲಿಸಿ. ಆದರೆ ಡಬ್ಬಿ ಎಸೆಯಬೇಡಿ, ಇಟ್ಟುಕೊಂಡಿರಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಿಮ್ಮ ಕೊನೆಯ ಸಾಲು ನನಗೆ ಚುಚ್ಚಿತು, ಸುಳ್ಳು ಹೇಳುವುದಿಲ್ಲ. ಚುಚ್ಚಲು ಕಾರಣವೂ ಇದೆ. ಒಂದು ಕಾಲದಲ್ಲಿ ಇದೇ ಪತ್ರಿಕೆಯ ಕೊನೆಯ ಪುಟಗಳಲ್ಲಿ 'ಗುಪ್ತ ರೋಗ, ನರ ದೌರ್ಬಲ್ಯ, ಮೂರೇ ದಿನದಲ್ಲಿ ಗುಣ' ಎನ್ನುವ ಚಿಕ್ಕ ಚೌಕಗಳು ಬರುತ್ತಿದ್ದವು. ಆಗ ನಾನು ಕರಡು ತಿದ್ದುವ ಹುಡುಗ. ಆ ಚೌಕಗಳಲ್ಲಿ ಒತ್ತಕ್ಷರ ಸರಿ ಇದೆಯಾ ಅಂತ ನೋಡುತ್ತಿದ್ದೆ, ಮಾತು ಸರಿ ಇದೆಯಾ ಅಂತ ನೋಡಲಿಲ್ಲ. ಇಂಥ ಜಾಹೀರಾತು ಹಾಕಬಾರದು ಎಂಬ ಕಾನೂನು 1954ರಿಂದಲೇ ಇದೆ. ಮಾಂತ್ರಿಕ ಔಷಧಿಗಳ ಜಾಹೀರಾತು ತಡೆ ಕಾಯ್ದೆ. ಗಂಡಸರ ದೌರ್ಬಲ್ಯ, ಸಕ್ಕರೆ ಕಾಯಿಲೆ, ಅಂಡಕ್ಕೆ ನೀರು ತುಂಬುವ ಹೈಡ್ರೋಸೀಲ್, ಇವೆಲ್ಲ ಅದರ ಪಟ್ಟಿಯಲ್ಲೇ ಇವೆ. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ. ಆದರೂ ನಿಮ್ಮ ಊರಿನ ಗೋಡೆಗೆ ಪ್ರತಿ ವರ್ಷ ಹೊಸ ಸುಣ್ಣ, ಹೊಸ ಫೋನ್ ನಂಬರ್.

ಆ ಗೋಡೆ ಯಾಕೆ ಗೆಲ್ಲುತ್ತದೆ ಅಂತ ನಿಮ್ಮ ಪತ್ರ ಓದಿದ ಮೇಲೆ ಎರಡು ದಿನ ಯೋಚಿಸಿದೆ. ಗೋಡೆಗೂ ಕಿವಿ ಇದೆ ಅಂತಾರೆ. ಈ ವಿಷಯದಲ್ಲಿ ಗೋಡೆಗೆ ಬಾಯಿ ಇದೆ. ಇಡೀ ಊರಿನಲ್ಲಿ ಆ ಒಂದು ವಿಷಯವನ್ನು ಗಟ್ಟಿಯಾಗಿ ಹೇಳುವುದು ಅದೊಂದೇ. ನಮ್ಮ ಬಾಯಿಗೆ ಮಾತೇ ಇಲ್ಲ. ನಿಜವಾಗಿ ಇಲ್ಲ! ಯೋಚಿಸಿ ನೋಡಿ, ಮೂತ್ರಕ್ಕೆ 'ಒಂದಕ್ಕೆ ಹೋಗೋದು' ಎಂಬ ಒಳ್ಳೆಯ ಮಾತಿದೆ, ಮಗುವಿನಿಂದ ಮುದುಕರವರೆಗೆ ಯಾರೂ ನಾಚದೆ ಹೇಳುತ್ತಾರೆ. ಆದರೆ ಸೊಂಟದ ಕೆಳಗಿನ ಉಳಿದ ವಿಷಯಕ್ಕೆ ಒಂದೋ ಬೈಗುಳ ಇದೆ, ಇಲ್ಲಾ ಹತ್ತನೇ ಕ್ಲಾಸಿನ ಜೀವಶಾಸ್ತ್ರದ ಪದ ಇದೆ. ನಡುವೆ ಏನೂ ಇಲ್ಲ. ನಿಮಗಿರುವ ತೊಂದರೆಗೆ ಕನ್ನಡದಲ್ಲಿ ಎಲ್ಲರಿಗೂ ಗೊತ್ತಿರುವ ಪದ ಯಾವುದು? 'ಷಂಡ'. ಅದು ಕಾಯಿಲೆಯ ಹೆಸರೇ ಅಲ್ಲ, ಜಗಳದಲ್ಲಿ ಕಾಲರ್ ಹಿಡಿದು ಅನ್ನುವ ಮಾತು. ಮಂಡಿ ನೋವು ಬಂದವನಿಗೆ ಕುಂಟ ಅಂತ ಹೆಸರಿಟ್ಟು, ಹೋಗಪ್ಪ ಡಾಕ್ಟರ್ ಹತ್ತಿರ 'ನಾನು ಕುಂಟ' ಅಂತ ಹೇಳಿಕೋ ಅಂದರೆ ಯಾರು ಹೋಗುತ್ತಾರೆ?

ಹಾಗಾಗಿ ನಿಮಗೆ ಧೈರ್ಯ ಇಲ್ಲ ಅಂತ ನಾನು ಹೇಳುವುದಿಲ್ಲ. ಗೊತ್ತಿಲ್ಲದ ಲಾಡ್ಜಿನ ಮೆಟ್ಟಿಲು ಹತ್ತಿ 18,000 ರೂಪಾಯಿ ಕೊಟ್ಟು ಬಂದವರಿಗೆ ಧೈರ್ಯಕ್ಕೇನು ಕಮ್ಮಿ? ಇಲ್ಲದ್ದು ಮೊದಲ ಒಂದು ವಾಕ್ಯ. ಲಾಡ್ಜಿನವನು ನೀವು ಬಾಯಿ ಬಿಡುವ ಮೊದಲೇ ಆ ವಾಕ್ಯವನ್ನು ತಾನೇ ಹೇಳಿಬಿಡುತ್ತಾನೆ. ಅವನ ಬಂಡವಾಳವೇ ಅದು.

ಈಗ ನಿಮ್ಮ ಅಂಗಡಿಯ ಭಾಷೆಯಲ್ಲೇ ಹೇಳುತ್ತೇನೆ. ಬೋರ್‌ವೆಲ್ ನೀರು ಬರುವ ಮನೆಯಲ್ಲಿ ಉಪ್ಪು ಕಟ್ಟುವುದು ನೀವು ನೋಡಿರುತ್ತೀರಿ. ಎರಡಿಂಚಿನ ಪೈಪು, ಅರ್ಧ ಇಂಚಿನ ಪೈಪು, ಎರಡರಲ್ಲೂ ಅದೇ ನೀರು. ಮೊದಲು ಕಟ್ಟಿಕೊಳ್ಳುವುದು ಯಾವುದು? ದೇಹದಲ್ಲೂ ಅಷ್ಟೇ. ಹೃದಯಕ್ಕೆ ರಕ್ತ ಕೊಡುವ ನಾಳ ಸುಮಾರು 3ರಿಂದ 4 ಮಿಲಿಮೀಟರ್ ಅಗಲ. ಶಿಶ್ನದ ರಕ್ತನಾಳ 1ರಿಂದ 2 ಮಿಲಿಮೀಟರ್. ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್, ಬೀಡಿ ಸಿಗರೇಟು ಇವೆಲ್ಲ ಸೇರಿ ನಾಳವನ್ನು ಕೆಡಿಸುತ್ತಾ ಬಂದಾಗ ಸಣ್ಣ ನಾಳ ಮೊದಲು ಸೋಲುತ್ತದೆ. ಎಷ್ಟೋ ಗಂಡಸರಲ್ಲಿ ಹೃದಯದ ತೊಂದರೆ ಕಾಣಿಸಿಕೊಳ್ಳುವುದಕ್ಕೆ ಎರಡು ಮೂರು ವರ್ಷ ಮೊದಲೇ ಇದು ಕಾಣಿಸುತ್ತದೆ. ಅಂದರೆ ನೀವು ಹಾಲ್‌ನಲ್ಲಿ ಮಲಗಿ ಬಚ್ಚಿಡುತ್ತಿರುವುದು ನಿಮ್ಮ ಎದೆ ಕೊಡುತ್ತಿರುವ ಮುಂಗಡ ನೋಟಿಸ್ ಆಗಿರಬಹುದು. ಆಗಿರಬಹುದು ಅಂದೆ, ಆಗಿದೆ ಅನ್ನಲಿಲ್ಲ. ಸಕ್ಕರೆ ನರಗಳನ್ನೂ ಕೆಡಿಸುತ್ತದೆ. ಕೆಲವು ಬಿಪಿ ಮಾತ್ರೆ, ಖಿನ್ನತೆಯ ಮಾತ್ರೆಗಳಿಂದಲೂ ಹೀಗಾಗುತ್ತದೆ (ಅಂತ ಓದಿದ ತಕ್ಷಣ ಬಿಪಿ ಮಾತ್ರೆ ಬಿಡಬೇಡಿ ಮಹರಾಯರೇ, ಡಾಕ್ಟರನ್ನು ಕೇಳಿದರೆ ಬದಲಿ ಮಾತ್ರೆ ಕೊಡುತ್ತಾರೆ). ಬರೀ ಚಿಂತೆಯಿಂದಲೂ ಆಗುತ್ತದೆ. ಇವುಗಳಲ್ಲಿ ಯಾವುದು ಎಂದು ತಿಳಿಯಲು ರಕ್ತ ಪರೀಕ್ಷೆ, ಬಿಪಿ ಮತ್ತು ಒಂದಷ್ಟು ಪ್ರಶ್ನೆ ಸಾಕಾಗುತ್ತದೆ, ಹೆಚ್ಚಿನವರಿಗೆ. ಬೆಳಗಿನ ಜಾವ ತಾನಾಗಿಯೇ ನಿಮಿರುತ್ತದೆಯೇ ಅಂತ ಕೇಳುತ್ತಾರೆ. ತಮಾಷೆಗೆ ಕೇಳುವುದಲ್ಲ. ಆಗುತ್ತಿದೆ ಅಂದರೆ ನಾಳ, ನರ ಬಹುಶಃ ಚೆನ್ನಾಗಿದೆ, ತೊಂದರೆ ಮನಸ್ಸಿನ ಕಡೆ ಇರಬಹುದು ಅಂತ ಅವರಿಗೆ ಗೊತ್ತಾಗುತ್ತದೆ.

ನೀವೊಬ್ಬರೇ ಅಂತ ಬೇರೆ ಬರೆದಿದ್ದೀರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ದೇಶದಲ್ಲಿ ಶುಗರ್ ಇರುವವರು 10 ಕೋಟಿಗೂ ಜಾಸ್ತಿ. ಶುಗರ್ ಇರುವ ಗಂಡಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಈ ತೊಂದರೆ ಒಂದಲ್ಲ ಒಂದು ಮಟ್ಟದಲ್ಲಿ ಇರುತ್ತದೆ. ನಿಮ್ಮ ಅಂಗಡಿಗೆ ಮೊಳೆ ಕೊಳ್ಳಲು ಬರುವವರಲ್ಲೇ ಎಷ್ಟು ಜನ ಇದ್ದಾರೋ!

ಇನ್ನು ಆ ಡಬ್ಬಿಯ ವಿಷಯ. ತಲೆನೋವು, ಮುಖ ಬಿಸಿಯಾಗಿ ಕೆಂಪಾಗುವುದು. ಇದನ್ನು ಓದಿದಾಗ ನನಗೆ ಅನುಮಾನ ಬಂತು, ಪರಿಚಯದ ಡಾಕ್ಟರೊಬ್ಬರಿಗೆ (ಊರು, ಹೆಸರು ಹೇಳದೆ) ಓದಿ ಹೇಳಿದೆ. ಅವರೂ ಅದನ್ನೇ ಅಂದರು. ನಿಮಿರಲು ಅಂತ ಕೊಡುವ ಸಿಲ್ಡೆನಾಫಿಲ್ ಎಂಬ ಮಾತ್ರೆ ನುಂಗಿದವರಿಗೆ ಆಗುವುದೇ ಹೀಗೆ. ಗಿಡಮೂಲಿಕೆ ಎಂದು ಮಾರುವ ಪುಡಿಗಳಲ್ಲಿ ಈ ಮಾತ್ರೆಯನ್ನೇ ಅರೆದು ಕಲಬೆರಕೆ ಮಾಡುವುದು ಹಳೇ ದಂಧೆ. ನಿಮ್ಮ ಡಬ್ಬಿಯಲ್ಲಿ ಅದೇ ಇದೆ ಅಂತ ಪರೀಕ್ಷೆ ಮಾಡದೆ ಹೇಳಲಾಗದು, ಆದರೆ ಇದ್ದರೆ ಆಶ್ಚರ್ಯವೇನಿಲ್ಲ. ಈ ಮಾತ್ರೆಯ ಹುಟ್ಟೂ ಸ್ವಾರಸ್ಯದ್ದು. ಇಂಗ್ಲೆಂಡಿನಲ್ಲಿ ಫೈಜರ್ ಕಂಪನಿಯವರು ಇದನ್ನು ಪರೀಕ್ಷೆಗೆ ಇಳಿಸಿದ್ದು ಎದೆನೋವಿಗೆ. ಎದೆನೋವಿಗೆ ಅಷ್ಟೇನೂ ಉಪಯೋಗ ಆಗಲಿಲ್ಲ, ಪರೀಕ್ಷೆಗೆ ಬಂದ ಗಂಡಸರು ಬೇರೆಯದೇ ಸುದ್ದಿ ಹೇಳಿದರು. 1998ರಲ್ಲಿ ಅಮೆರಿಕದಲ್ಲಿ ವಯಾಗ್ರ ಎಂಬ ಹೆಸರಲ್ಲಿ ಮಾರಾಟಕ್ಕೆ ಬಂತು.

ಡಾಕ್ಟರ್ ಬರೆದುಕೊಟ್ಟು, ಅಳತೆ ನೋಡಿ ತೆಗೆದುಕೊಂಡರೆ ಅದು ಒಳ್ಳೆಯ ಔಷಧವೇ, ಎಷ್ಟೋ ಸಂಸಾರ ಉಳಿಸಿದೆ. ಅಪಾಯ ಇರುವುದು ಗೊತ್ತಿಲ್ಲದೆ ನುಂಗುವುದರಲ್ಲಿ. ಎದೆನೋವು ಬಂದರೆ ನಾಲಿಗೆ ಕೆಳಗೆ ಸಾರ್ಬಿಟ್ರೇಟ್ ಇಡುವುದು ನಮ್ಮ ಕಡೆ ಮನೆಮನೆಗೂ ಗೊತ್ತು. ಈ ಎರಡು ಔಷಧ ಮೈಯಲ್ಲಿ ಒಟ್ಟಿಗೆ ಸೇರಿದರೆ ಬಿಪಿ ಧಸಕ್ಕನೆ ಇಳಿದು ಪ್ರಾಣಕ್ಕೇ ಬರಬಹುದು. ಪುಡಿ ತಿಂದ ವಿಷಯ ನೀವು ಬಚ್ಚಿಟ್ಟಿದ್ದೀರಿ, ಎದೆ ಹಿಡಿದುಕೊಂಡಿತು ಅಂತ ಮಗ ಓಡಿಬಂದು ಸಾರ್ಬಿಟ್ರೇಟ್ ಇಟ್ಟ ಅಂತ ಇಟ್ಟುಕೊಳ್ಳಿ. ಡಬ್ಬಿ ಇಟ್ಟುಕೊಂಡಿರಿ ಅಂದದ್ದು ಇದಕ್ಕೇ. ಡಾಕ್ಟರ ಮೇಜಿನ ಮೇಲೆ ಇಡಿ. ಬೈಯಬಹುದು, ಬೈಸಿಕೊಳ್ಳಿ.

ಎಲ್ಲಿಗೆ ಹೋಗುವುದು? ನಿಮ್ಮ ಶುಗರ್ ನೋಡುವ ಡಾಕ್ಟರ ಹತ್ತಿರವೇ ಮೊದಲು. ನಿಮ್ಮ ಆರು ವರ್ಷದ ಲೆಕ್ಕ ಇರುವುದು ಅವರ ಹತ್ತಿರ. ಅವರು ನಿಮ್ಮ ಗಿರಾಕಿ, ಮುಜುಗರ ಅಂತೀರಾದರೆ ಪಕ್ಕದ ಊರಿಗೆ ಹೋಗಿ, ಅಥವಾ ಮೆಡಿಕಲ್ ಕಾಲೇಜಿನ ದೊಡ್ಡ ಆಸ್ಪತ್ರೆಗೆ ಹೋಗಿ. ಅಲ್ಲಿನ ಜನಜಂಗುಳಿಯಲ್ಲಿ ನೀವು ಯಾರೂ ಅಲ್ಲ. ಹಳೆಯ ಶುಗರ್ ಚೀಟಿಗಳನ್ನು ಮಾತ್ರ ಮರೆಯಬೇಡಿ. ಬೇಕಾದರೆ ಅವರೇ ಯುರಾಲಜಿಸ್ಟ್ (ಮೂತ್ರ ಮತ್ತು ಗಂಡಸರ ಅಂಗಗಳ ತೊಂದರೆ ನೋಡುವ ತಜ್ಞರು) ಹತ್ತಿರ ಕಳಿಸುತ್ತಾರೆ. ಬೆನ್ನ ಹಿಂದೆ ಹತ್ತು ಜನ ನಿಂತಿರುತ್ತಾರೆ, ಪಕ್ಕದಲ್ಲಿ ಸಿಸ್ಟರ್ ಇರುತ್ತಾರೆ, ನಾಲಿಗೆ ಹೊರಳುವುದಿಲ್ಲ, ಅದೂ ನಿಜ. ಅದಕ್ಕೆ ಒಂದು ಉಪಾಯ. ಮನೆಯಿಂದಲೇ ಚೀಟಿ ಬರೆದುಕೊಂಡು ಹೋಗಿ. ವಾಕ್ಯ ನಾನೇ ಕೊಡುತ್ತೇನೆ: "ಆರು ವರ್ಷದಿಂದ ಶುಗರ್ ಇದೆ. ಎರಡು ವರ್ಷದಿಂದ ಹೆಂಡತಿ ಜೊತೆ ಸೇರಲು ಆಗುತ್ತಿಲ್ಲ, ಗಟ್ಟಿಯಾಗುವುದಿಲ್ಲ. ಈ ಪುಡಿ ತಿಂದೆ, ಎದೆ ಹೊಡೆದುಕೊಂಡಿತು." ಇಷ್ಟೇ. ಚೀಟಿ ಕೈಗೆ ಕೊಟ್ಟು ಸುಮ್ನೆ ಕೂತುಕೊಳ್ಳಿ. ದಿನಕ್ಕೆ ನೂರು ಜನರನ್ನು ನೋಡುವವರಿಗೆ ಇದೇನೂ ಹೊಸದಲ್ಲ. ಯಾರಾದರೂ ನಕ್ಕರೆ ಎದ್ದು ಬೇರೆ ಡಾಕ್ಟರ ಹತ್ತಿರ ಹೋಗಿ, ತಪ್ಪು ಅವರದು.

ಚಿಂತೆಯೇ ಜಾಸ್ತಿಯಾಗಿ ನಿದ್ದೆ ಕೆಟ್ಟಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಮನಸ್ಸಿನ ಆರೋಗ್ಯದ ಸಹಾಯವಾಣಿ, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ ಇರುತ್ತಾರೆ. 'ಧಾತು ಹೋಗುತ್ತಿದೆ, ಸೊರಗಿಹೋದೆ' ಎಂದು ನಮಗೆ ಪತ್ರ ಬರೆಯುವ ಹುಡುಗರಿಗೂ ಇದೇ ನಂಬರ್. ಈ ಭಯಕ್ಕೆ ಮನೋವೈದ್ಯ ಡಾ. ಎನ್. ಎನ್. ವಿಗ್ 1960ರಲ್ಲೇ ಧಾತ್ ಸಿಂಡ್ರೋಮ್ ಅಂತ ಹೆಸರಿಟ್ಟರು. ವೀರ್ಯ ಹೋಗುವುದರಿಂದ ಯಾರೂ ಸೊರಗುವುದಿಲ್ಲ. ಹೋಯಿತಲ್ಲಾ ಎನ್ನುವ ಭಯದಿಂದ ಸೊರಗುತ್ತಾರೆ.

ನಿಮ್ಮ ಮನೆಯವರ ವಿಷಯ ಉಳಿಯಿತು. ಅವಳಿಗೆ ಗೊತ್ತಾಗಬಾರದು ಅಂತ ಮೂರು ಕಡೆ ಬರೆದಿದ್ದೀರಿ. ಇದಕ್ಕೆ ನಮ್ಮ ಅಪ್ಪನ ಕಥೆ ಹೇಳುತ್ತೇನೆ. ಮೇಷ್ಟ್ರಾಗಿದ್ದವರು, 71 ವಯಸ್ಸು. ರಾತ್ರಿ ಐದಾರು ಸಲ ಏಳುತ್ತಿದ್ದರು. ಕೇಳಿದರೆ ಸೆಕೆ, ಸೊಳ್ಳೆ, ನಾಯಿ ಬೊಗಳ್ತು ಅನ್ನುವರು. ಬಸ್ಸಿನಲ್ಲಿ ದೂರ ಹೋಗುವುದನ್ನೇ ಬಿಟ್ಟರು, ಮದುವೆ ಮುಂಜಿಗೂ ಇಲ್ಲ. ಒಂದು ಚಳಿಗಾಲ ನೆಗಡಿ ಅಂತ ಅಂಗಡಿಯಿಂದ ಮಾತ್ರೆ ತಂದು ನುಂಗಿದರು. ಅವತ್ತು ರಾತ್ರಿ ಒಂದಕ್ಕೆ ಪೂರ್ತಿ ಕಟ್ಟಿಕೊಂಡಿತು. ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ದಪ್ಪಗಿದ್ದವರಿಗೆ ಕೆಲವು ನೆಗಡಿ ಮಾತ್ರೆಗಳಿಂದ ಹೀಗಾಗುತ್ತದೆ ಅಂತ ನಮಗೆ ತಿಳಿದದ್ದೇ ಅವತ್ತು. ಆಟೋದಲ್ಲಿ ನನ್ನ ಕೈ ಹಿಡಿದುಕೊಂಡು ಅಷ್ಟು ಶಿಸ್ತಿನ ಮನುಷ್ಯ ಮಗುವಿನ ಹಾಗೆ ನರಳಿದರು. ಆಸ್ಪತ್ರೆಯಲ್ಲಿ ನಳಿಕೆ ಹಾಕಿದ ಮೇಲೆ ಮುಕ್ಕಾಲು ಲೀಟರ್ ಬಂತು. ನೋವು ಇಳಿದ ಮೇಲೆ ಅವರು ಮೊದಲು ಹೇಳಿದ್ದು, "ನಿಮ್ಮಮ್ಮನಿಗೆ ಹೇಳಬೇಡ ಕಣೋ."

ಬೆಳಿಗ್ಗೆ ಅಮ್ಮನಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಾ ಕೂತಿದ್ದಳು. "ನನಗೆ ಗೊತ್ತು. ಎರಡು ವರ್ಷದಿಂದ ಎಣಿಸ್ತಾ ಇದೀನಿ. ಮೊನ್ನೆ ಏಳು ಸಲ ಎದ್ದರು. ಅವರಾಗೇ ಹೇಳಲಿ ಅಂತ ಸುಮ್ಮನಿದ್ದೆ" ಅಂದಳು.

ಎರಡು ವರ್ಷದಿಂದ ನೀವು ಹಾಲ್‌ನಲ್ಲಿ ಮಲಗುತ್ತಿದ್ದೀರಿ. ನಿಮ್ಮ ಮನೆಯವರೂ ಏನೋ ಒಂದನ್ನು ಎಣಿಸುತ್ತಿರುತ್ತಾರೆ. ಬಹುಶಃ ನಿಮಗೆ ಬೇರೆ ಯಾರೋ ಇದ್ದಾರೆ ಅಂತಲೋ, ತನ್ನ ಮೇಲೆ ಬೇಸರ ಬಂದಿದೆ ಅಂತಲೋ. ನಿಜ ಸಂಗತಿ ಅದಕ್ಕಿಂತ ಹಗುರವಾದದ್ದು, ಅಲ್ವಾ? ಬಾಯಲ್ಲಿ ಹೇಳಲಾಗದಿದ್ದರೆ ಡಾಕ್ಟರಿಗೆ ಬರೆದ ಚೀಟಿಯನ್ನೇ ತೋರಿಸಿ.

ಇದನ್ನು ಓದುತ್ತಿರುವ ಬೇರೆ ಗಂಡಸರಿಗೂ ಎರಡು ಮಾತು, ಬೇಗ ಹೇಳುತ್ತೇನೆ. ಮೂತ್ರದಲ್ಲಿ ಒಂದೇ ಒಂದು ಸಲ ರಕ್ತ ಕಂಡರೂ, ನೋವೇ ಇಲ್ಲದಿದ್ದರೂ, 'ಉಷ್ಣ ಆಗಿದೆ' ಅಂತ ಎಳನೀರು ಕುಡಿದು ಕೂರಬೇಡಿ, ತೋರಿಸಿ. ಬೀಜದಲ್ಲಿ ನೋವಿಲ್ಲದ ಗಂಟು ಕೈಗೆ ಸಿಕ್ಕರೆ ಅದೇ ವಾರ ತೋರಿಸಿ. ಅದು ಕ್ಯಾನ್ಸರ್ ಇರಬಹುದು. ಹೆಚ್ಚಾಗಿ ಹರೆಯದ ಹುಡುಗರಲ್ಲಿ ಬರುತ್ತದೆ, ಬೇಗ ಹಿಡಿದರೆ ಹೆಚ್ಚಿನವರಿಗೆ ಪೂರ್ತಿ ಗುಣವಾಗುತ್ತದೆ. ಮಕ್ಕಳಾಗಲಿಲ್ಲ ಅಂತ ಹೆಂಡತಿಯನ್ನೇ ಆಸ್ಪತ್ರೆಗೆ ಅಲೆಸುತ್ತಿರುವವರು ಮೊದಲು ತಮ್ಮ ವೀರ್ಯ ಪರೀಕ್ಷೆ ಮಾಡಿಸಿ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನಲ್ಲೂ ತೊಂದರೆ ಇರುತ್ತದೆ. ಒಂದು ಚಿಕ್ಕ ಡಬ್ಬಿಯ ಕೆಲಸ ಅದು.

ಎರಡು ಪುಟದ ಜಗಳಕ್ಕೆ ಉತ್ತರ: ಮುಂದಿನ ತಿಂಗಳಿಂದ ಗಂಡಸರಿಗೆ ಒಂದು ಪುಟ. ಉತ್ತರ ಬರೆಯುವುದು ಡಾಕ್ಟರ್, ನಾನಲ್ಲ. ಪುಟಕ್ಕೆ ಇನ್ನೂ ಹೆಸರಿಟ್ಟಿಲ್ಲ. 'ಗುಪ್ತ' ಎಂಬ ಪದ ಮಾತ್ರ ಅದರ ಹತ್ತಿರ ಸುಳಿಯುವುದಿಲ್ಲ.

ಇನ್ನೊಂದು ಮಾತು. ಹೆಸರು ಬೇಡ ಅಂದಿದ್ದೀರಿ, ಆದರೆ ನಿಮ್ಮ ಲಕೋಟೆಯ ಹಿಂದೆ ಅಂಗಡಿಯ ಸೀಲು ಅರ್ಧ ಮೂಡಿತ್ತು. ಅದನ್ನು ಹರಿದು ಹಾಕಿದ್ದೇನೆ. ಡಾಕ್ಟರ್ ಏನಂದರು ಅಂತ ಬರೆಯಿರಿ. ಈ ಸಲ ಬೇರೆ ಲಕೋಟೆ ತೆಗೆದುಕೊಳ್ಳಿ.

— ಸಂಪಾದಕ