ಲಕೋಟೆಯ ಮೇಲೆ ನಡುದಾರಿಯ ಠಸ್ಸೆ ಯಾಕಿಲ್ಲ?

ಬೆಳಗಾವಿ ಕ್ಯಾಂಪಿನ ಹಳೇ ಟ್ರಂಕಿನಲ್ಲಿ ಸಿಕ್ಕ ಲಕೋಟೆಯ ಮೇಲೆ ಎಡಿನ್‌ಬರೋ, ಸೀ ಪೋಸ್ಟ್ ಆಫೀಸ್, ಬೆಳಗಾಂ ಎಂಬ ಮೂರೇ ಠಸ್ಸೆ ಇವೆ. ಫ್ರಾನ್ಸ್, ಇಟಲಿ, ಸೂಯೆಜ್ ಯಾವುದರದ್ದೂ ಇಲ್ಲ, ನಕಲಿಯೇ ಎಂದು ಕೇಳಿದ್ದೀರಿ.

ಅಷ್ಟಕ್ಕೇ ನಕಲಿ ಅನ್ನಬೇಡಿ. ಠಸ್ಸೆ ಬೀಳುವುದು ಚೀಲ ಬಿಚ್ಚಿದಲ್ಲಿ ಮಾತ್ರ. 1890ರ ದಶಕದಲ್ಲಿ ಭಾರತದ ಟಪಾಲು ಶುಕ್ರವಾರ ರಾತ್ರಿ ಲಂಡನ್ನಿನಿಂದ ಅರಗಿನ ಮುದ್ರೆ ಹಾಕಿದ ಚೀಲಗಳಲ್ಲಿ ಹೊರಡುತ್ತಿತ್ತು. ಫ್ರಾನ್ಸಿನ ಕ್ಯಾಲೆಯಿಂದ ಇಟಲಿಯ ಬ್ರಿಂಡಿಸಿ ಬಂದರಿಗೆ ರೈಲು, ಅಲ್ಲಿಂದ ಹಡಗು. ಚೀಲ ಬಿಚ್ಚುತ್ತಿದ್ದುದು ಏಡನ್ ದಾಟಿದ ಮೇಲೆ, ಹಡಗಿನಲ್ಲೇ. ಮುಂಬೈ ಬರುವಷ್ಟರಲ್ಲಿ ಊರುವಾರು ವಿಂಗಡಣೆ ಮುಗಿದಿರಬೇಕಲ್ಲ! ನಿಮ್ಮ ಸೀ ಪೋಸ್ಟ್ ಆಫೀಸ್ ಠಸ್ಸೆ ಅಲ್ಲಿ ಒತ್ತಿದ್ದು. ಮುಂದೆ ಪುಣೆ, ಮಿರಜ ಮೇಲೆ ರೈಲಿನಲ್ಲಿ ಬೆಳಗಾವಿ.

ಈಗ ತಾರೀಖು ಜೋಡಿಸಿ. ಎಡಿನ್‌ಬರೋ ಜನವರಿ 12, ಸಮುದ್ರದ್ದು 28, ಬೆಳಗಾಂ 31 ಎಂದು ಓದಿದ್ದೀರಿ. ವರ್ಷ 83ಓ 93ಓ ಎಂಬ ಅನುಮಾನವನ್ನು ಅಂಚೆಚೀಟಿಯೇ ಬಗೆಹರಿಸುತ್ತದೆ: ನೀಲಿ ಕಾಗದದ ಮೇಲೆ ನೇರಳೆ ಬಣ್ಣದ ಎರಡೂವರೆ ಪೆನ್ನಿ ಚೀಟಿ ಹೊರಬಂದದ್ದೇ 1887ರಲ್ಲಿ. ಭಾರತಕ್ಕೆ ಎರಡೂವರೆ ಪೆನ್ನಿ ದರ ಬಂದದ್ದು 1891ರಲ್ಲಿ, 1898ರ ಡಿಸೆಂಬರ್ 25ರಿಂದ ಅದು ಒಂದೇ ಪೆನ್ನಿ. ಹಾಗಾಗಿ 93. ಆ ವರ್ಷ ಜನವರಿ 12 ಗುರುವಾರ, ಮರುದಿನವೇ ಶುಕ್ರವಾರದ ಮೇಲ್. ಲಂಡನ್ನಿನಿಂದ ಮುಂಬೈಗೆ ಎರಡು ವಾರದ ಮೇಲೆ ಎರಡು-ಮೂರು ದಿನ ಹಿಡಿಯುತ್ತಿತ್ತು. ಲೆಕ್ಕ ಕೂಡುತ್ತದೆ.

ಅನುಮಾನ ಪಡಬೇಕಾದ್ದು ಬೇರೆ ಕಡೆ. ಎಡಿನ್‌ಬರೋ ಠಸ್ಸೆಯ ಜೋಡಿ ಮುದ್ರೆಯಲ್ಲಿ (ತಾರೀಖಿನ ವೃತ್ತ, ಪಕ್ಕದಲ್ಲೇ ಚೀಟಿ ರದ್ದು ಮಾಡುವ ಅಂಕಿಯ ಮುದ್ರೆ) 131 ಅಂಕಿ ಇದೆಯೇ ನೋಡಿ, ಅದು ಆ ಊರಿನ ಸಂಖ್ಯೆ. ಆ ಮಸಿ ಚೀಟಿಯ ಅಂಚು ದಾಟಿ ಲಕೋಟೆಯ ಕಾಗದದ ಮೇಲೂ ಮುರಿಯದೆ ಹರಿದಿರಬೇಕು. ಅಂಚಿನಲ್ಲಿ ಗೆರೆ ತುಂಡಾಗಿದ್ದರೆ, ಇಲ್ಲವೇ ಒಂಚೂರು ಜರುಗಿದ್ದರೆ, ಚೀಟಿಯನ್ನು ಆಮೇಲೆ ಅಂಟಿಸಿರಬಹುದು.

ಮಸುಕಾದ ಅಕ್ಷರ ಓದಲು 600 ಡಿಪಿಐಯಲ್ಲಿ ಬಣ್ಣದ ಸ್ಕ್ಯಾನ್ ಮಾಡಿ, ಫೋಟೋ ಆ್ಯಪ್‌ನಲ್ಲಿ ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು, ಅಂದರೆ ಚಿತ್ರದ ಬಣ್ಣದ ಪದರಗಳನ್ನು, ಒಂದೊಂದಾಗಿ ನೋಡಿ. ನೀಲಿ ಚಾನೆಲ್‌ನಲ್ಲಿ ಚೀಟಿಯ ನೀಲಿ-ನೇರಳೆ ತಿಳಿಯಾಗಿ ಕಪ್ಪು ಮಸಿ ಎದ್ದು ಕಾಣುತ್ತದೆ. ಬೆಳಗಾಂ ಠಸ್ಸೆಗೆ ಟಾರ್ಚನ್ನು ಓರೆಯಾಗಿ ಹಿಡಿದರೂ ಸಾಕು, ಒತ್ತಿದ ಗುರುತು ಇದ್ದರೆ ನೆರಳು ಬೀಳುತ್ತದೆ. ನೀರು ಮಾತ್ರ ತಾಗಿಸಬೇಡಿ. ಚೀಟಿ ಬಿಡಿಸಿಟ್ಟರೆ ಅಂಚಿನ ಆ ಸಾಕ್ಷಿಯೇ ಹೋಗುತ್ತದೆ.